ಶಾಲೆ ಶುರುವಾಗೋ ಮುಂಚೆ ಕಾರಿಗೆ ಏನು ಮಾಡಿಸಬೇಕು, ಏನು ಬಿಡಬಹುದು: ತುಮಕೂರಿನ ಒಂದು ಮನೆಯ ಲೆಕ್ಕ

ಹೋದ ವರ್ಷ ಬೇಸಿಗೆ ರಜೆಯಲ್ಲಿ ನಮ್ಮ ಕಾರು 26 ದಿನ ಒಂದೇ ಜಾಗದಲ್ಲಿ ನಿಂತಿತ್ತು. ಮಕ್ಕಳು ತಿಪಟೂರಿನ ಅಜ್ಜಿ ಮನೆಯಲ್ಲಿ. ಯಜಮಾನರು ಎಂದಿನಂತೆ ಬೆಳಗಿನ ರೈಲು ಹಿಡಿದು ಬೆಂಗಳೂರಿಗೆ. ನಾನು ಸ್ಕೂಟರಿನಲ್ಲೇ ಓಡಾಡಿಕೊಂಡಿದ್ದೆ. ಶಾಲೆ ಶುರುವಾದ ದಿನ ಬೆಳಿಗ್ಗೆ ಎಂಟಕ್ಕೆ ಹೊಸ ಯೂನಿಫಾರಂ, ಹೊಸ ಬ್ಯಾಗು, ಹೊಸ ನೀರಿನ ಬಾಟ್ಲಿ ಸಮೇತ ಇಬ್ಬರನ್ನೂ ಕೂರಿಸಿ ಕೀ ತಿರುಗಿಸಿದೆ. ಟಕ್ ಟಕ್ ಟಕ್. ಸೆಲ್ಫ್ ಎತ್ತಲಿಲ್ಲ. ಬಾನೆಟ್ ತೆಗೆದು ನೋಡಿದರೆ ಬ್ಯಾಟರಿ ಪಕ್ಕದಲ್ಲಿ ತೆಂಗಿನ ನಾರು, ಹರಿದ ಪೇಪರು, ಕಡಲೆಕಾಯಿ ಸಿಪ್ಪೆ. ಇಲಿ ಸಂಸಾರ ಹೂಡಿತ್ತು.

ಅವತ್ತು ಆಟೋದಲ್ಲಿ ಹೋದೆವು. ಆಮೇಲೆ ವಾರವಿಡೀ ಮನೆಗೆ ಬಂದವರೆಲ್ಲ ಒಂದೊಂದು ಸಲಹೆ ಕೊಟ್ಟರು. ಶೋರೂಮಿಗೇ ಬಿಡು ಅಂದರು ಒಬ್ಬರು. ಶೋರೂಮಿನವರು ಸುಲಿಯುತ್ತಾರೆ, ನಮ್ಮ ಗ್ಯಾರೇಜಿಗೆ ಬಾ ಅಂದರು ಇನ್ನೊಬ್ಬರು. ಟೈರ್ ನಾಲ್ಕೂ ಬದಲಾಯಿಸು, ಎರಡು ಸಾಕು, ಏನೂ ಬೇಡ. ಎಲ್ಲವನ್ನೂ ಕೇಳಿ, ಒಂದಿಷ್ಟು ದುಡ್ಡು ಕಳೆದು, ಒಂದಿಷ್ಟು ಉಳಿಸಿ ಕಲಿತದ್ದನ್ನು ಇಲ್ಲಿ ಬರೆದಿದ್ದೇನೆ. ನಮ್ಮದು 2017ರ ಪೆಟ್ರೋಲ್ ಸಣ್ಣ ಕಾರು, ಮ್ಯಾನ್ಯುವಲ್ ಗೇರು. ನಿಮ್ಮದು ಬೇರೆ ಇದ್ದರೆ ಲೆಕ್ಕ ಸ್ವಲ್ಪ ಆಚೀಚೆ ಆಗುತ್ತದೆ.

ಮೊದಲು ನಿಮ್ಮ ಓಟ ಎಂಥದು ನೋಡಿ

ನಮ್ಮ ಮನೆಯಿಂದ ಶಾಲೆಗೆ 4 ಕಿ.ಮೀ. ಬೆಳಿಗ್ಗೆ ಬಿಟ್ಟು ಬರೋದು, ಮಧ್ಯಾಹ್ನ ಚಿಕ್ಕವನನ್ನು ಕರೆತರೋದು, ಸಂಜೆ ದೊಡ್ಡವಳನ್ನು. ದಿನಕ್ಕೆ 24 ಕಿ.ಮೀ., ಆರು ಸಲ ಸ್ಟಾರ್ಟ್. ವರ್ಷಕ್ಕೆ ಐದು ಸಾವಿರ ಚಿಲ್ಲರೆ ಕಿ.ಮೀ. ಮೀಟರ್ ನೋಡಿದರೆ ಗಾಡಿ ಓಡಿಯೇ ಇಲ್ಲ ಅನ್ನಿಸುತ್ತದೆ, ಅಲ್ವಾ? ನಾನು ಮೋಸ ಹೋಗಿದ್ದು ಅಲ್ಲೇ. "ಇನ್ನೂ 10,000 ಆಗಿಲ್ಲ, ಈಗ್ಯಾಕೆ ಸರ್ವಿಸ್" ಅಂತ ಎರಡು ವರ್ಷ ಮುಂದೂಡಿದ್ದೆ.

ಬಿ.ಎಚ್. ರಸ್ತೆಯ ಟ್ರಾಫಿಕ್ಕಿನಲ್ಲಿ 4 ಕಿ.ಮೀ. ಹೋಗುವಷ್ಟರಲ್ಲಿ ಎಂಜಿನ್ ಸರಿಯಾಗಿ ಬಿಸಿಯೇ ಆಗಿರುವುದಿಲ್ಲ. ಒಳಗೆ ಸೇರಿದ ತೇವ ಆವಿಯಾಗಿ ಹೋಗಬೇಕಾದರೆ ಆಯಿಲ್ ಚೆನ್ನಾಗಿ ಕಾಯಬೇಕು. ಕಾಯುವ ಮುಂಚೆಯೇ ಶಾಲೆ ಗೇಟು ಬಂದುಬಿಡುತ್ತದೆ. ಬ್ಯಾಟರಿ ಕಥೆಯೂ ಇದೇ. ಸ್ಟಾರ್ಟ್ ಮಾಡುವಾಗ ಎಳೆದುಕೊಂಡ ಕರೆಂಟು ವಾಪಸ್ ತುಂಬಬೇಕಾದರೆ ಗಾಡಿ ಒಂದಷ್ಟು ಹೊತ್ತು ಓಡಬೇಕು. ಎ.ಸಿ., ವೈಪರ್, ಹೆಡ್‌ಲೈಟ್ ಎಲ್ಲ ಹಾಕಿಕೊಂಡು ಕಾಲು ಗಂಟೆ ಹೋದರೆ ತುಂಬುವುದು ಅಷ್ಟಕ್ಕಷ್ಟೆ. ಇನ್ನು ಹಂಪು, ಸಿಗ್ನಲ್ಲು, ಅಡ್ಡ ಬರುವ ಹಸು: ಕ್ಲಚ್ಚು, ಬ್ರೇಕು ಎರಡಕ್ಕೂ ಬಿಡುವೇ ಇಲ್ಲ.

ಸರ್ವಿಸ್ ಪುಸ್ತಕದಲ್ಲಿ "10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಅದು" ಅಂತ ಸಾಮಾನ್ಯವಾಗಿ ಬರೆದಿರುತ್ತಾರೆ. ಬರೀ ಶಾಲೆಗೆ ಓಡುವ ಗಾಡಿಗೆ ಆ ಒಂದು ವರ್ಷವೇ ಲೆಕ್ಕ. ಇಂಥ ಗಾಡಿಗೆ ಮೊದಲ ದುಡ್ಡು ಆಯಿಲ್ಲು, ಬ್ಯಾಟರಿಗೆ ಹೋಗಲಿ.

ಅದೇ ಕಾರು ದಿನಾ ನೆಲಮಂಗಲದ ಕಡೆ ಹೈವೇಯಲ್ಲಿ ಓಡುತ್ತಿದ್ದರೆ ಬ್ಯಾಟರಿ, ಆಯಿಲ್ಲು ತಮ್ಮ ಪಾಡಿಗೆ ಚೆನ್ನಾಗಿರುತ್ತವೆ. ಅಲ್ಲಿ ಮೊದಲ ಕಾಸು ಟೈರಿಗೆ, ಬ್ರೇಕಿಗೆ. ಗುಬ್ಬಿ, ಕೊರಟಗೆರೆ ಕಡೆಯ ಹಳ್ಳಿಗಳಿಂದ ಮಕ್ಕಳನ್ನು ಟೌನಿಗೆ ಕರೆತರುವವರು ಸಸ್ಪೆನ್ಷನ್ನು, ಅಲೈನ್‌ಮೆಂಟು ಮೊದಲು ನೋಡಿಸಿ. ಸಂಜೆ ಕ್ಲಾಸು ಮುಗಿಸಿ ವಾಪಸ್ ಹೋಗುವವರಿಗೆ ಹೆಡ್‌ಲೈಟ್ ಕೂಡ ಮುಖ್ಯ.

ಡೀಸೆಲ್ ಗಾಡಿಯವರಿಗೆ ಒಂದು ಮಾತು. 2020ರ ಏಪ್ರಿಲ್‌ನಿಂದ ಬಂದ ಬಿ.ಎಸ್. 6 (ಗಾಡಿ ಹೊಗೆಗೆ ಸರ್ಕಾರ ಇಟ್ಟಿರುವ ಮಿತಿಯ ಹೆಸರು) ಡೀಸೆಲ್ ಕಾರುಗಳಲ್ಲಿ ಹೊಗೆಯ ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಡಿ.ಪಿ.ಎಫ್. ಅನ್ನುತ್ತಾರೆ. ತುಂಬಿದ ಮಸಿ ಸುಟ್ಟುಹೋಗಬೇಕಾದರೆ ಗಾಡಿ ಒಂದೇ ವೇಗದಲ್ಲಿ ಸ್ವಲ್ಪ ದೂರ ಓಡಬೇಕು. ಬರೀ ಶಾಲೆಗೂ ಮನೆಗೂ ಓಡಿಸಿದರೆ ಅದು ಕಟ್ಟಿಕೊಂಡು ಡ್ಯಾಶ್‌ಬೋರ್ಡಿನಲ್ಲಿ ದೀಪ ಹತ್ತುತ್ತದೆ. ನಮ್ಮ ಪಕ್ಕದ ಮನೆಯವರು ಭಾನುವಾರ ಬೆಳಿಗ್ಗೆ ದಾಬಸ್‌ಪೇಟೆವರೆಗೆ ಹೋಗಿ, ಬರುವಾಗ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿಂದು ಬರುತ್ತಾರೆ. ಗಾಡಿಗೂ ಆಯಿತು, ಹೊಟ್ಟೆಗೂ ಆಯಿತು.

ಶೋರೂಮಾ, ಗ್ಯಾರೇಜಾ?

ವಾರಂಟಿ ಇರುವ ಗಾಡಿಯಾದರೆ ಜಾಸ್ತಿ ಯೋಚಿಸಬೇಡಿ. ಶೋರೂಮಿಗೇ ಬಿಡಿ, ಪುಸ್ತಕಕ್ಕೆ ಸೀಲು ಹಾಕಿಸಿಕೊಳ್ಳಿ. ವಾರಂಟಿ ಮುಗಿದವರಿಗೆ ಮಾತ್ರ ಈ ಪ್ರಶ್ನೆ.

ಶೋರೂಮಿನಲ್ಲಿ ಬಿಲ್ಲು ಪಕ್ಕಾ, ಪಾರ್ಟ್ಸ್ ಕಂಪನಿಯದೇ, ಗಾಡಿಯ ಎಲೆಕ್ಟ್ರಾನಿಕ್ ತಕರಾರು ಓದಿ ಹೇಳುವ ಸ್ಕ್ಯಾನರ್ ಇರುತ್ತದೆ. ತೊಂದರೆ ಇರುವುದು ಎಸ್ಟಿಮೇಟ್ ಹಾಳೆಯಲ್ಲಿ. ಒಂದು ವರ್ಷ ಒಂದು ಸರ್ವಿಸ್ ಸೆಂಟರಿನವರು ನನ್ನ ಕೈಗಿಟ್ಟ ಹಾಳೆಯಲ್ಲಿ 14 ಸಾಲು ಇತ್ತು. ಆಯಿಲ್, ಫಿಲ್ಟರ್ ಸರಿ. ಕೆಳಗೆ ಬಂದರೆ "ಎಂಜಿನ್ ಡ್ರೆಸ್ಸಿಂಗ್". ಅದೇನು ಅಂತ ಕೇಳಿದೆ. ಬಾನೆಟ್ ಒಳಗೆ ಹೊಳಪು ಬರುವ ಹಾಗೆ ಸ್ಪ್ರೇ ಹೊಡೆಯೋದಂತೆ. ಬಾನೆಟ್ ಒಳಗಿನ ಹೊಳಪು ನೋಡೋದು ಯಾರು, ಇಲಿನಾ? ಅದನ್ನು ಹೊಡೆದು ಹಾಕಿಸಿದೆ. ಒಳಗಿನ ಪಾಲಿಶ್, ಎ.ಸಿ. ಸುಗಂಧ, ಹೀಗೆ ಇನ್ನೂ ನಾಲ್ಕು ಸಾಲು ಹೋದವು. ಕೇಳಿದರೆ ಯಾರೂ ಜಗಳ ಆಡಲಿಲ್ಲ, ಸುಮ್ನೆ ಅಳಿಸಿದರು. ಕೇಳದೆ ಸಹಿ ಹಾಕಿದ್ದರೆ ಅಷ್ಟೂ ಕೊಡಬೇಕಿತ್ತು.

ಗ್ಯಾರೇಜಿನಲ್ಲಿ ಕೂಲಿ ಕಡಿಮೆ. ಮುಖ್ಯವಾಗಿ, ಕೆಲಸ ಮಾಡುವವನ ಜೊತೆಗೇ ಮಾತಾಡಬಹುದು. ನಮ್ಮ ಮೆಕ್ಯಾನಿಕ್ ಗಾಡಿಯನ್ನು ಒಂದು ಸುತ್ತು ಓಡಿಸಿ ಬಂದು "ಅಕ್ಕ, ಬ್ರೇಕ್ ಪ್ಯಾಡ್ ಇನ್ನೂ ಐತೆ, ದೀಪಾವಳಿಗೆ ನೋಡಾನ. ಈಗ ಬ್ರೇಕ್ ಆಯಿಲ್ ಮಾತ್ರ ಹಾಕ್ಸು" ಅಂದ. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವ ಎಳೆದುಕೊಳ್ಳುತ್ತದೆ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಬದಲಾಯಿಸೋದು ಒಳ್ಳೆಯದು. ನಮ್ಮದಕ್ಕೆ ನಾಲ್ಕು ವರ್ಷ ಆಗಿತ್ತು.

ಗ್ಯಾರೇಜಿಗೆ ಹೋಗುವವರು ಎರಡು ವಿಷಯದಲ್ಲಿ ಸಂಕೋಚ ಬಿಡಬೇಕು. ಆಯಿಲ್ ಡಬ್ಬಿಯ ಸೀಲು ನಿಮ್ಮ ಎದುರೇ ಒಡೆಯಲಿ. ತೆಗೆದ ಹಳೆ ಪಾರ್ಟ್ಸ್ ಕೈಗೆ ಕೊಡಲಿ. ಎ.ಬಿ.ಎಸ್. (ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಜಾಮ್ ಆಗದ ಹಾಗೆ ನೋಡಿಕೊಳ್ಳುವುದು) ಅಥವಾ ಏರ್‌ಬ್ಯಾಗ್ ದೀಪ ಹತ್ತಿದ್ದರೆ ಮಾತ್ರ ಸ್ಕ್ಯಾನರ್ ಇರುವ ಕಡೆಗೇ ಹೋಗಿ. ಅದು ಅಂದಾಜಿನಲ್ಲಿ ಆಗುವ ಕೆಲಸ ಅಲ್ಲ.

ನನ್ನ ಆಯ್ಕೆ: ವರ್ಷಕ್ಕೊಮ್ಮೆ ಮಾಮೂಲಿ ಸರ್ವಿಸ್ ಗ್ಯಾರೇಜಿನಲ್ಲಿ, ಎಲೆಕ್ಟ್ರಾನಿಕ್ ತಕರಾರು ಬಂದರೆ ಶೋರೂಮಿನಲ್ಲಿ. ಎಲ್ಲಿಗೇ ಹೋದರೂ ಮೇ ಕೊನೆ ವಾರಕ್ಕೆ ಇಟ್ಟುಕೊಳ್ಳಬೇಡಿ. ಆಗ ಎಲ್ಲರಿಗೂ ನೆನಪಾಗಿರುತ್ತದೆ.

ಟೈರ್: ಎರಡೋ, ನಾಲ್ಕೋ?

ಮೊದಲು ಟೈರಿನ ವಯಸ್ಸು ನೋಡಿ. ಟೈರ್ ಬದಿಯಲ್ಲಿ ಡಿ.ಓ.ಟಿ. ಅಂತ ಶುರುವಾಗುವ ಬರಹದ ಕೊನೆಗೆ ನಾಲ್ಕು ಅಂಕಿ ಇರುತ್ತದೆ. ನಮ್ಮದರಲ್ಲಿ 2217 ಅಂತ ಇತ್ತು. ಅಂದರೆ 2017ರ 22ನೇ ವಾರ ತಯಾರಾದದ್ದು. ಒಂದೊಂದು ಸಲ ಆ ಅಂಕಿ ಟೈರಿನ ಒಳಬದಿಗೆ ಬಂದಿರುತ್ತದೆ. ಮೊಬೈಲ್ ಕೆಳಗೆ ಹಿಡಿದು ಫೋಟೋ ತೆಗೆದು ನೋಡಿ, ನೆಲದ ಮೇಲೆ ಮಲಗಬೇಕಾಗಿಲ್ಲ.

ಆಮೇಲೆ ಗ್ರಿಪ್ ನೋಡಿ. ಟೈರಿನ ಗೀರುಗಳ ಮಧ್ಯೆ ಅಲ್ಲಲ್ಲಿ ಸಣ್ಣ ರಬ್ಬರ್ ದಿಬ್ಬ ಇರುತ್ತದೆ. ಗ್ರಿಪ್ ಸವೆದು ಆ ದಿಬ್ಬದ ಮಟ್ಟಕ್ಕೆ ಬಂದರೆ ಟೈರ್ ಮುಗಿಯಿತು ಅಂತ ಅರ್ಥ. ಅದು 1.6 ಮಿ.ಮೀ. ಕಾನೂನಿನ ಪ್ರಕಾರವೂ ಕಾರಿಗೆ ಅಷ್ಟೇ ಕನಿಷ್ಠ. ಆದರೆ ಮಳೆ ನೀರನ್ನು ಪಕ್ಕಕ್ಕೆ ತಳ್ಳೋದು ಇದೇ ಗೀರುಗಳು. 3 ಮಿ.ಮೀ.ಗಿಂತ ಕೆಳಗೆ ಬಂದಿದ್ದರೆ ಮಳೆಗಾಲವನ್ನು ಅದರಲ್ಲೇ ಕಳೆಯಬೇಡಿ. ನಮ್ಮ ಕಡೆ ಜೂನ್‌ನಲ್ಲಿ ತುಂತುರು ಅಂತ ಮೈಮರೆಯುತ್ತೇವೆ. ತುಮಕೂರಿಗೆ ಜೋರು ಮಳೆ ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ. ಅಷ್ಟರಲ್ಲಿ ಟೈರ್ ಇನ್ನೂ ಸವೆದಿರುತ್ತದೆ.

ನಾನು ಹೀಗೆ ತೀರ್ಮಾನ ಮಾಡಿದೆ. ಟೈರ್ ಐದಾರು ವರ್ಷ ದಾಟಿ, ಬದಿಯಲ್ಲಿ ಒಣಗಿದ ಕೆರೆಯ ತಳದ ಹಾಗೆ ಸಣ್ಣ ಬಿರುಕು ಕಾಣಿಸುತ್ತಿದ್ದರೆ ಗ್ರಿಪ್ ಎಷ್ಟಿದ್ದರೂ ನಾಲ್ಕೂ ಬದಲಿಸಬೇಕು. ವಯಸ್ಸು ಕಡಿಮೆ, ಮುಂದಿನ ಎರಡು ಮಾತ್ರ ಸವೆದಿವೆ ಅಂದರೆ ಎರಡು ಸಾಕು. ಶಾಲೆಗೆ ಓಡುವ ಗಾಡಿಗಳಲ್ಲಿ ಮೊದಲನೆಯದೇ ಜಾಸ್ತಿ. ಕಿ.ಮೀ. ಆಗಿರುವುದಿಲ್ಲ, ಗ್ರಿಪ್ ಇರುತ್ತದೆ, ರಬ್ಬರ್ ಮಾತ್ರ ಗಟ್ಟಿಯಾಗಿರುತ್ತದೆ. ನಮ್ಮವೂ ಹಾಗೇ ಆಗಿದ್ದವು. ನಾಲ್ಕೂ ಹೋದವು. ಈ ಪಟ್ಟಿಯಲ್ಲಿ ಜಾಸ್ತಿ ದುಡ್ಡು ತಿಂದದ್ದು ಇದೇ.

ಎರಡೇ ಹಾಕಿಸುವವರು ಹೊಸದನ್ನು ಎಲ್ಲಿ ಹಾಕಿಸಬೇಕು? ನೂರಕ್ಕೆ ತೊಂಬತ್ತು ಜನ ಮುಂದೆ ಅನ್ನುತ್ತಾರೆ. ಹೊಸದು ಹಿಂದೆ ಇರಬೇಕು. ನೀರಿನ ಮೇಲೆ ಮುಂದಿನ ಚಕ್ರ ಜಾರಿದರೆ ಗಾಡಿ ನೇರಕ್ಕೆ ಹೋಗುತ್ತದೆ, ಕಾಲು ತೆಗೆದರೆ ಹಿಡಿತಕ್ಕೆ ಬರುತ್ತದೆ. ಹಿಂದಿನದು ಜಾರಿದರೆ ಬೆನ್ನು ತಿರುಗಿಸಿಕೊಂಡು ಗಿರ್ರನೆ ಸುತ್ತುತ್ತದೆ. ನನ್ನಂಥವಳ ಕೈಯಲ್ಲಿ ಅದನ್ನು ಹಿಡಿಯೋಕೆ ಆಗಲ್ಲ. ಇದನ್ನು ಟೈರ್ ಅಂಗಡಿಯ ಹುಡುಗನಿಗೆ ಹೇಳಿ ಒಪ್ಪಿಸಲು ನನಗೆ ಹತ್ತು ನಿಮಿಷ ಬೇಕಾಯಿತು, ನಮ್ಮ ಮಾವನವರಿಗೆ ಇವತ್ತಿಗೂ ಒಪ್ಪಿಗೆಯಿಲ್ಲ.

ಸೆಕೆಂಡ್ ಹ್ಯಾಂಡ್ ಟೈರ್ ಅರ್ಧ ಬೆಲೆಗೆ ಸಿಗುತ್ತದೆ. ಬೇಡ. ಮುಂಚೆ ಯಾವ ಗುಂಡಿಗೆ ಬಿದ್ದಿತ್ತೋ ಯಾರಿಗೆ ಗೊತ್ತು. ನೈಟ್ರೋಜನ್ ಗಾಳಿಗೆ ಬೇರೆ ದುಡ್ಡು ಕೇಳುತ್ತಾರೆ. ನಾವು ಉಸಿರಾಡುವ ಗಾಳಿಯಲ್ಲೇ 78 ಪಾಲು ನೈಟ್ರೋಜನ್ ಇದೆ. ಬಂಕಿನ ಮಾಮೂಲಿ ಗಾಳಿಯನ್ನು ಹದಿನೈದು ದಿನಕ್ಕೊಮ್ಮೆ, ಟೈರ್ ತಣ್ಣಗಿರುವಾಗ ಹಾಕಿಸಿದರೆ ಸಾಕು. ಎಷ್ಟು ಅನ್ನೋದು ಡ್ರೈವರ್ ಬಾಗಿಲು ತೆಗೆದರೆ ಕಾಣುವ ಸ್ಟಿಕ್ಕರಿನಲ್ಲಿ ಇರುತ್ತದೆ. ಬಂಕಿನ ಹುಡುಗ "35 ಹಾಕ್ಲಾ" ಅಂತ ಎಲ್ಲ ಗಾಡಿಗೂ ಒಂದೇ ಪ್ರಶ್ನೆ ಕೇಳುತ್ತಾನೆ, ನೀವು ಸ್ಟಿಕ್ಕರ್ ನೋಡಿ ಹೇಳಿ. ಸ್ಟೆಪ್ನಿಗೂ ಹಾಕಿಸಿ. ನಮ್ಮ ಸ್ಟೆಪ್ನಿಯನ್ನು ಡಿಕ್ಕಿಯಿಂದ ತೆಗೆದಾಗ ಅದರಲ್ಲಿ ಗಾಳಿ ಹನ್ನೆರಡು ಇತ್ತು.

ಪಂಚರ್‌ಗೆ ಎರಡು ದಾರಿ. ಹೊರಗಿನಿಂದ ಸ್ಟ್ರಿಪ್ ತುರುಕೋದು ಐದು ನಿಮಿಷದ ಕೆಲಸ. ಟೈರ್ ಬಿಚ್ಚಿ ಒಳಗಿನಿಂದ ಅಣಬೆ ಆಕಾರದ ಪ್ಯಾಚ್ ಹಾಕೋದಕ್ಕೆ ಹೊತ್ತೂ ಜಾಸ್ತಿ, ದುಡ್ಡೂ ಜಾಸ್ತಿ, ಆದರೆ ಬಾಳಿಕೆ ಬರುತ್ತದೆ. ದಾರಿಯಲ್ಲಿ ಸಿಕ್ಕಿಹಾಕಿಕೊಂಡರೆ ಸ್ಟ್ರಿಪ್, ಮನೆ ಹತ್ತಿರವಾದರೆ ಪ್ಯಾಚ್. ಬದಿ ಸೀಳಿದ್ದರೆ ಎರಡೂ ಆಗದು, ಟೈರೇ ಬದಲಿಸಬೇಕು.

ಬ್ಯಾಟರಿ: ಚಾರ್ಜ್ ಮಾಡಿಸೋದಾ, ಹೊಸದಾ?

ಬ್ಯಾಟರಿ ಅಂಗಡಿಗೆ ಹೋದರೆ ಮೀಟರ್ ಹಿಡಿದು ಒಂದು ನಿಮಿಷದಲ್ಲಿ ಹೇಳುತ್ತಾರೆ. ನೀವು ಕೇಳಬೇಕಾದ ಅಂಕಿ ಎರಡು. ರಾತ್ರಿಯಿಡೀ ನಿಂತ ಗಾಡಿಯಲ್ಲಿ, ಎಂಜಿನ್ ಆಫ್ ಇದ್ದಾಗ, 12.6 ವೋಲ್ಟ್ ಇದ್ದರೆ ಪೂರ್ತಿ ತುಂಬಿದೆ. 12.2ಕ್ಕೆ ಇಳಿದಿದ್ದರೆ ಅರ್ಧ ಖಾಲಿ. ಎಂಜಿನ್ ಓಡುವಾಗ ಸುಮಾರು 14 ತೋರಿಸಬೇಕು. ಅಷ್ಟು ಬರದಿದ್ದರೆ ಬ್ಯಾಟರಿ ಬದಲಿಸಿ ಪ್ರಯೋಜನವಿಲ್ಲ, ಚಾರ್ಜ್ ಮಾಡುವ ಆಲ್ಟರ್‌ನೇಟರ್ ನೋಡಿಸಬೇಕು. ಇದನ್ನು ನೋಡದೆ ಹೊಸ ಬ್ಯಾಟರಿ ಹಾಕಿಸಿ, ವಾರಕ್ಕೆ ಅದೂ ಕೂತ ಕಥೆ ನಮ್ಮ ಬೀದಿಯಲ್ಲೇ ಇದೆ.

ಮೂರು ವರ್ಷದೊಳಗಿನ ಬ್ಯಾಟರಿ ನಿಂತು ನಿಂತು ಇಳಿದಿದ್ದರೆ ಅಂಗಡಿಯಲ್ಲಿ ಒಂದು ದಿನ ಬಿಟ್ಟು ನಿಧಾನವಾಗಿ ಚಾರ್ಜ್ ಮಾಡಿಸಿ, ಮತ್ತೆ ನೋಡಿ. ನಾಲ್ಕು ವರ್ಷ ದಾಟಿ, ಬೆಳಿಗ್ಗೆ ಸೆಲ್ಫ್ ನಿಧಾನವಾಗಿ ತಿರುಗುತ್ತಿದ್ದರೆ ಚಾರ್ಜಿಗೆ ಕೊಡುವ ದುಡ್ಡು ದಂಡ. ಹಳೆಯದನ್ನು ಕೊಟ್ಟು ಹೊಸದು ತನ್ನಿ, ಎಕ್ಸ್‌ಚೇಂಜ್‌ನಲ್ಲಿ ಒಂದಿಷ್ಟು ಕಡಿಮೆಯಾಗುತ್ತದೆ.

ಹೊಸದರಲ್ಲಿ ನೀರು ಹಾಕುವಂಥದ್ದಾ, ನೀರು ಬೇಡದ್ದಾ? ನನ್ನ ಓಟು ನೀರು ಬೇಡದ್ದಕ್ಕೆ. ಕಾರಣ ನಮ್ಮ ಊರಿನ ನೀರು. ಬೋರ್ ನೀರು ಹಿಡಿದ ಬಕೆಟ್ ಅಂಚಿನಲ್ಲಿ ಬಿಳಿ ಪಟ್ಟಿ ಕಟ್ಟುತ್ತದಲ್ಲ, ಅದೇ ಉಪ್ಪು ಬ್ಯಾಟರಿ ಪ್ಲೇಟಿಗೂ ಸೇರುತ್ತದೆ. ಡಿಸ್ಟಿಲ್ಡ್ ವಾಟರ್ ಬಿಟ್ಟು ಬೇರೇನೂ ಹಾಕಬಾರದು ಅಂತ ಎಲ್ಲರಿಗೂ ಗೊತ್ತು. ಬೆಳಿಗ್ಗೆ ಅರ್ಜೆಂಟಿನಲ್ಲಿ ಯಾರೋ ಒಬ್ಬರು ಲೋಟದಲ್ಲಿ ತಂದು ಸುರಿಯುತ್ತಾರೆ. ಬುಗುಡನಹಳ್ಳಿ ಕೆರೆಯಿಂದ ಬರುವ ಹೇಮಾವತಿ ನೀರು ಬೋರಿಗಿಂತ ಮೆದು ಇರಬಹುದು, ಬ್ಯಾಟರಿಗೆ ಅದೂ ಬೇಡ. ರೇಡಿಯೇಟರಿಗೂ ಅಷ್ಟೇ. ಅಲ್ಲಿಗೆ ಕೂಲಂಟ್.

ವಾರಂಟಿ ನೋಡುವಾಗ ಒಟ್ಟು ತಿಂಗಳ ಲೆಕ್ಕಕ್ಕೆ ಮರುಳಾಗಬೇಡಿ. ಅದರಲ್ಲಿ ಮೊದಲ ಒಂದಷ್ಟು ತಿಂಗಳು ಪುಕ್ಕಟೆ ಬದಲಿ, ಉಳಿದದ್ದು ಬಳಸಿದಷ್ಟಕ್ಕೆ ದುಡ್ಡು ಹಿಡಿದುಕೊಂಡು ಕೊಡುವುದು. ಪುಕ್ಕಟೆ ಎಷ್ಟು ತಿಂಗಳು ಅಂತ ಕೇಳಿ, ಕಾರ್ಡಿನ ಮೇಲೆ ತಾರೀಕು ಬರೆಸಿಕೊಳ್ಳಿ. ಸಿಗ್ನಲ್ಲಿನಲ್ಲಿ ತಾನೇ ಆಫ್ ಆಗಿ ತಾನೇ ಸ್ಟಾರ್ಟ್ ಆಗುವ ಗಾಡಿಯಾದರೆ ಅದಕ್ಕೆ ಬೇರೆ ತರದ ಬ್ಯಾಟರಿ ಬರುತ್ತದೆ. ಮಾಮೂಲಿದು ಹಾಕಿಸಿದರೆ ಬೇಗ ಸಾಯುತ್ತದೆ.

ಹಾಗೂ ಒಂದು ದಿನ ಕೈಕೊಟ್ಟರೆ? ಮ್ಯಾನ್ಯುವಲ್ ಗಾಡಿಯನ್ನು ತಳ್ಳಿ ಸ್ಟಾರ್ಟ್ ಮಾಡಬಹುದು, ಆಟೋಮ್ಯಾಟಿಕ್ ಆಗಲ್ಲ. ಜಂಪ್ ಕೇಬಲ್ ಇದ್ದರೆ ಪಕ್ಕದಲ್ಲಿ ಇನ್ನೊಂದು ಗಾಡಿ ಬೇಕು. ಕೈಯಲ್ಲಿ ಹಿಡಿಯುವಷ್ಟು ಸಣ್ಣ ಜಂಪ್ ಸ್ಟಾರ್ಟರ್‌ಗೆ ಯಾರೂ ಬೇಡ, ಆದರೆ ಅದನ್ನೇ ಚಾರ್ಜ್ ಮಾಡಿಡೋಕೆ ನೆನಪಿರಬೇಕು. ಎಂಟು ಗಂಟೆಗೆ ಪಕ್ಕದ ಮನೆಯ ಗಾಡಿ ಇರುವ ಬೀದಿಯಾದ್ದರಿಂದ ನಾನು ಕೇಬಲ್ ಇಟ್ಟುಕೊಂಡಿದ್ದೇನೆ.

ಮಕ್ಕಳ ಸೀಟು

ಚಿಕ್ಕವನಿಗೆ ನಾಲ್ಕೂವರೆ ವರ್ಷ, 16 ಕೆ.ಜಿ. ಹೋದ ವರ್ಷದವರೆಗೂ ಅವನ ಜಾಗ ಮುಂದಿನ ಸೀಟಿನಲ್ಲಿ ಅತ್ತೆಯ ತೊಡೆ. "ನಾನು ಗಟ್ಟಿ ಹಿಡ್ಕೊಂಡಿರ್ತೀನಿ ಕಣಮ್ಮ" ಅನ್ನೋರು. ಒಂದು ದಿನ ಕೂತು ಲೆಕ್ಕ ಹಾಕಿದೆ. 40 ಕಿ.ಮೀ. ವೇಗದಲ್ಲಿ ಎಲ್ಲಿಗೋ ಗುದ್ದಿ ಕಾರು ಸೆಕೆಂಡಿನ ಹತ್ತನೇ ಒಂದು ಭಾಗದಲ್ಲಿ ನಿಂತರೆ, 16 ಕೆ.ಜಿ. ಮಗು ಮುಂದಕ್ಕೆ ಎಳೆಯುವ ಬಲ ಸುಮಾರು 180 ಕೆ.ಜಿ. ತೂಕದಷ್ಟು. ಸಿಮೆಂಟಿನ ಮೂರೂವರೆ ಮೂಟೆ. ಅತ್ತೆಗೆ ಮೂಟೆ ಲೆಕ್ಕದಲ್ಲಿ ಹೇಳಿದ ಮೇಲೆ ಅರ್ಥವಾಯಿತು. ಅವರೀಗ ಹಿಂದೆ ಕೂತು ಬೆಲ್ಟ್ ಹಾಕಿಕೊಳ್ಳುತ್ತಾರೆ.

ಕಾನೂನೂ ಇದೆ. 2019ರ ತಿದ್ದುಪಡಿಯ ನಂತರ ಮೋಟಾರು ವಾಹನ ಕಾಯ್ದೆಯ 194ಬಿ ಪ್ರಕಾರ, 14 ವರ್ಷದೊಳಗಿನ ಮಗುವಿಗೆ ಬೆಲ್ಟ್ ಅಥವಾ ಮಕ್ಕಳ ಸೀಟು ಇಲ್ಲದಿದ್ದರೆ 1,000 ರೂಪಾಯಿ ದಂಡ.

ಅಂಗಡಿಯಲ್ಲಿ ತರಾವರಿ ಸೀಟು ತೋರಿಸುತ್ತಾರೆ. ವಯಸ್ಸು ಕೇಳಿ ಕೊಡುತ್ತಾರೆ, ನೀವು ತೂಕ, ಎತ್ತರ ಹೇಳಿ. ತನ್ನದೇ ಪಟ್ಟಿಯಲ್ಲಿ ಮಗುವನ್ನು ಕಟ್ಟುವ ಸೀಟು ಸಾಮಾನ್ಯವಾಗಿ 9ರಿಂದ 18 ಕೆ.ಜಿ.ಗೆ. ಕಾರಿನ ಬೆಲ್ಟೇ ಸರಿಯಾಗಿ ಬರುವ ಹಾಗೆ ಮಗುವನ್ನು ಎತ್ತರಿಸುವ ಬೂಸ್ಟರ್ 15ರಿಂದ 36 ಕೆ.ಜಿ.ಗೆ. ನಮ್ಮ ಹುಡುಗ ಎರಡಕ್ಕೂ ಸರಿಹೋಗುತ್ತಿದ್ದ. ಪಟ್ಟಿ ಕಟ್ಟುವ ಸೀಟಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಕುಣಿಯುವ ಮಗುವಿಗೆ ಅದೇ ವಾಸಿ. ಆದರೆ ಆರು ತಿಂಗಳಿಗೆ ಅವನು 18 ದಾಟುತ್ತಾನೆ, ಮತ್ತೆ ಇನ್ನೊಂದು ಕೊಳ್ಳಬೇಕು. ಅದಕ್ಕೇ ಬೆನ್ನು ಇರುವ ಬೂಸ್ಟರ್ ತಂದೆ. ತಲೆಯ ಎರಡೂ ಬದಿಗೆ ಆಸರೆ ಇದೆ, ಮಧ್ಯಾಹ್ನ ನಿದ್ದೆ ಹೋದರೆ ಕತ್ತು ವಾಲುವುದಿಲ್ಲ.

ದೊಡ್ಡವಳಿಗೆ ಹತ್ತು ವರ್ಷ, 138 ಸೆಂ.ಮೀ. "ನಾನೇನು ಪಾಪೂನಾ" ಅಂತ ಜಗಳ. ಕೂರಿಸಿ ನೋಡಿದೆ. ಬೆಲ್ಟಿನ ಕೆಳಪಟ್ಟಿ ತೊಡೆಯ ಮೇಲೆ ಕೂರಬೇಕು, ಅವಳಿಗೆ ಹೊಟ್ಟೆಯ ಮೇಲೆ ಬಂತು. ಮೇಲ್ಪಟ್ಟಿ ಭುಜದ ನಡುವೆ ಹಾಯಬೇಕು, ಅವಳಿಗೆ ಕತ್ತಿಗೆ ಒತ್ತುತ್ತಿತ್ತು. ಸಾಮಾನ್ಯವಾಗಿ 145 ಸೆಂ.ಮೀ. ಆಗುವವರೆಗೂ ಹೀಗೇ. ಅವಳಿಗೆ ಬೆನ್ನಿಲ್ಲದ, ಮಣೆಯಂಥ ಬೂಸ್ಟರ್ ಸಾಕಾಯಿತು. ಎತ್ತರ ಕೂತರೆ ಕಿಟಕಿಯಿಂದ ಚೆನ್ನಾಗಿ ಕಾಣುತ್ತದೆ ಅಂತ ಗೊತ್ತಾದ ಮೇಲೆ ಜಗಳ ನಿಂತಿತು. ಮನೆಯ ದಿಂಬು ಹಾಕಿ ಎತ್ತರ ಮಾಡಬೇಡಿ. ಬ್ರೇಕ್ ಒತ್ತಿದಾಗ ದಿಂಬು ಅದುಮಿಕೊಂಡು ಮಗು ಬೆಲ್ಟಿನ ಅಡಿಗೆ ಜಾರುತ್ತದೆ.

ಕೊಳ್ಳುವಾಗ ಸೀಟಿನ ಮೇಲೆ ವೃತ್ತದೊಳಗೆ ಇಂಗ್ಲಿಷಿನ ಇ ಅಕ್ಷರ ಇರುವ ಲೇಬಲ್, ಅಥವಾ ನಮ್ಮ ದೇಶದ ಎ.ಐ.ಎಸ್. 072 ಗುರುತು ನೋಡಿ. ಮಕ್ಕಳ ಸೀಟನ್ನು ನೇರ ಕಾರಿಗೇ ಸಿಕ್ಕಿಸುವ ಐಸೋಫಿಕ್ಸ್ ಕೊಕ್ಕೆ ಇರುವ ಕಾರಿಗೆ ಸೀಟು ಕೂರಿಸೋದು ಸುಲಭ. ಹಿಂದಿನ ಸೀಟಿನ ಸಂದಿಯಲ್ಲಿ ಕೈ ಹಾಕಿ ನೋಡಿ, ಕಬ್ಬಿಣದ ಬಳೆ ತಗುಲಿದರೆ ಇದೆ. ನಮ್ಮದರಲ್ಲಿ ಇಲ್ಲ. ಬೂಸ್ಟರಿಗೆ ಅದು ಬೇಕೇ ಬೇಕು ಅಂತೇನಿಲ್ಲ, ಭುಜದಿಂದ ಬರುವ ಬೆಲ್ಟ್ ಬೇಕು. ಹಳೆ ಕಾರುಗಳ ಹಿಂದಿನ ಮಧ್ಯದ ಸೀಟಿನಲ್ಲಿ ಸೊಂಟದ ಪಟ್ಟಿ ಮಾತ್ರ ಇರುತ್ತದೆ, ಅಲ್ಲಿ ಬೂಸ್ಟರ್ ಬೇಡ.

ಮಳೆಗೆ: ವೈಪರು, ಗಾಜಿನ ಹಬೆ

ವೈಪರಿಗೆ ಬರೀ ರಬ್ಬರ್ ಹಾಕಿಸಬಹುದು, ಪೂರ್ತಿ ಬ್ಲೇಡ್ ಬದಲಾಯಿಸಬಹುದು. ಬೇಸಿಗೆಯ ಬಿಸಿಲಿಗೆ ಒಣಗೋದು ರಬ್ಬರ್. ಕಂಬಿ ಗಟ್ಟಿಯಿದ್ದರೆ ಬರೀ ರಬ್ಬರ್ ಸಾಕು, ಆದರೆ ಅದನ್ನು ಕೂರಿಸಿಕೊಡುವ ತಾಳ್ಮೆ ಇರುವ ಅಂಗಡಿ ಸಿಗಬೇಕು. ನಾನು ಬ್ಲೇಡೇ ಬದಲಾಯಿಸಿದೆ. ತೊಳೆಯುವ ನೀರಿನ ಡಬ್ಬಿಗೆ ಆರ್.ಓ. ನೀರು ಹಾಕಿ. ಬೋರ್ ನೀರಿಗೆ ಆ ಸೂಜಿ ತೂತು ಕಟ್ಟಿಕೊಳ್ಳುತ್ತದೆ.

ಒಳಗಿನ ಗಾಜಿಗೆ ಹಬೆ ಹಿಡಿದಾಗ ಬಟ್ಟೆಯಿಂದ ಒರೆಸುತ್ತಾ ಓಡಿಸೋದು ಅಪಾಯ. ಎ.ಸಿ. ಹಾಕಿ, ಹೊರಗಿನ ಗಾಳಿ ಬರುವ ಹಾಗೆ ತಿರುಗಿಸಿ, ಮುಂದಿನ ಗಾಜಿಗೆ ಬಿಡಿ. ಎರಡು ನಿಮಿಷದಲ್ಲಿ ಹೋಗುತ್ತದೆ. ಹೋಗದಿದ್ದರೆ ಎ.ಸಿ. ಫಿಲ್ಟರ್ ಕಟ್ಟಿದೆ. ನಮ್ಮದನ್ನು ತೆಗೆದಾಗ ಕೆಮ್ಮಣ್ಣಿನ ಹೋಳಿಗೆಯ ಹಾಗಿತ್ತು. ಬಹಳಷ್ಟು ಕಾರುಗಳಲ್ಲಿ ಅದು ಗ್ಲವ್ ಬಾಕ್ಸ್ ಹಿಂದೆ ಇರುತ್ತದೆ, ಮನೆಯಲ್ಲೇ ಬದಲಾಯಿಸಬಹುದು.

ಮ್ಯಾಟು, ಸೀಟ್ ಕವರ್

ಇಲ್ಲಿ ದುಡ್ಡು ಸುರಿಯಬೇಡಿ. ನೆಲಕ್ಕೆ ಅಂಟಿ ಕೂರುವ ದಪ್ಪ 7ಡಿ ಮ್ಯಾಟ್ ನೋಡೋಕೆ ಚೆಂದ, ಕೆಳಗೆ ನೀರು ಸೇರಿದರೆ ಒಣಗುವುದೇ ಇಲ್ಲ. ಗೀರು ಇರುವ ಮಾಮೂಲಿ ರಬ್ಬರ್ ಮ್ಯಾಟ್ ತೆಗೆದು ಒದರಿದರೆ ಆಯಿತು. ನಮ್ಮ ಕಾರಿನಲ್ಲಿ ಒಂದು ಶುಕ್ರವಾರ ಮೊಸರನ್ನದ ಡಬ್ಬಿ ಸೀಟಿನ ಕೆಳಗೆ ಉರುಳಿ, ಸೋಮವಾರದವರೆಗೆ ಬಿಸಿಲಲ್ಲಿ ನಿಂತಿತ್ತು. ಅದಾದ ಮೇಲೆ ನನಗೆ ಮ್ಯಾಟಿನ ಬಗ್ಗೆ ಯಾವ ಗೊಂದಲವೂ ಉಳಿದಿಲ್ಲ. ಡ್ರೈವರ್ ಕಡೆಯ ಮ್ಯಾಟ್ ಮಾತ್ರ ಕೊಕ್ಕೆಗೆ ಸಿಕ್ಕಿಸಿ, ಪೆಡಲ್ ಅಡಿಗೆ ಸರಿಯಬಾರದು. ಸೀಟಿನ ಬದಿಯಲ್ಲೇ ಏರ್‌ಬ್ಯಾಗ್ ಇರುವ ಕಾರಿಗೆ ಬಿಗಿಯಾದ ಸೀಟ್ ಕವರ್ ಹಾಕಿಸಬೇಡಿ, ಅದು ಬಿಚ್ಚಿಕೊಳ್ಳಲು ದಾರಿ ಇರಬೇಕು.

ಇದರ ಬದಲು ರಿವರ್ಸ್ ಕ್ಯಾಮೆರಾಗೆ ಕೊಡಿ. 2019ರ ಜುಲೈ ನಂತರ ತಯಾರಾದ ಕಾರುಗಳಿಗೆ ಹಿಂದಿನ ಸೆನ್ಸರ್ ಕಡ್ಡಾಯ, ಹಳೆಯ ಎಷ್ಟೋ ಗಾಡಿಗಳಲ್ಲಿ ಇಲ್ಲ. ಸೆನ್ಸರ್ ಅಗ್ಗ, ಕೂಗುತ್ತದೆ. ಕ್ಯಾಮೆರಾ ತೋರಿಸುತ್ತದೆ. ಶಾಲೆ ಗೇಟಿನ ಮುಂದೆ ನಮ್ಮ ಸೊಂಟದೆತ್ತರದ ಮಕ್ಕಳೇ ಓಡಾಡುತ್ತಿರುತ್ತಾರಲ್ಲ, ನಾನು ಕ್ಯಾಮೆರಾ ಹಾಕಿಸಿದೆ.

ಇಲಿ, ಕಾಗದ, ಅಂಡರ್‌ಪಾಸ್

ಇಲಿಗೆ ಹೊಗೆಸೊಪ್ಪು, ನುಸಿಗುಳಿಗೆ, ಸ್ಪ್ರೇ, ಬಲೆ ಎಲ್ಲ ನೋಡಿದೆ. ಹೊಗೆಸೊಪ್ಪು ವಾರ ಕೆಲಸ ಮಾಡಿತು, ಸ್ಪ್ರೇ ಮಳೆಗೆ ತೊಳೆದುಹೋಯಿತು. ಎರಡು ದಿನಕ್ಕೊಮ್ಮೆ ಗಾಡಿ ತೆಗೆದು ಓಡಿಸೋದು, ನಿಲ್ಲಿಸುವ ಜಾಗದಲ್ಲಿ ತೆಂಗಿನ ಮಟ್ಟೆ, ಕಾಳಿನ ಚೀಲ ಇಡದೇ ಇರೋದು, ಇವೆರಡರಷ್ಟು ಯಾವುದೂ ಉಪಯೋಗಕ್ಕೆ ಬರಲಿಲ್ಲ.

ಎಮಿಷನ್ ಸರ್ಟಿಫಿಕೇಟ್ ಬಿ.ಎಸ್. 4 ಮತ್ತು 6 ಗಾಡಿಗೆ ಒಂದು ವರ್ಷ ನಡೆಯುತ್ತದೆ. ಇನ್ಶೂರೆನ್ಸ್ ತಾರೀಕಿನ ಜೊತೆಗೇ ನೋಡಿಕೊಳ್ಳಿ. ಇನ್ಶೂರೆನ್ಸ್ ನವೀಕರಿಸುವಾಗ ಎಂಜಿನ್ ಪ್ರೊಟೆಕ್ಟ್ ಅನ್ನೋ ಹೆಚ್ಚುವರಿ ರಕ್ಷಣೆ ಬೇಕಾ ಅಂತ ಕೇಳುತ್ತಾರೆ. ಹೈವೇ ಓಟದವರಿಗೆ ಬಿಟ್ಟರೂ ನಡೆಯುತ್ತದೆ. ದಿನಾ ರೈಲ್ವೆ ಅಂಡರ್‌ಪಾಸ್ ದಾಟಿ ಶಾಲೆಗೆ ಹೋಗುವವರು ಹಾಕಿಸಿ. ನೀರಿನಲ್ಲಿ ಎಂಜಿನ್ ನಿಂತ ಮೇಲೆ ಮತ್ತೆ ಕೀ ತಿರುಗಿಸಿದರೆ ನೀರು ಒಳಗೆ ಎಳೆದುಕೊಂಡು ಎಂಜಿನ್ ಒಳಗಿನ ರಾಡ್ ಬಾಗುತ್ತದೆ. ಮಾಮೂಲಿ ಪಾಲಿಸಿಯಲ್ಲಿ ಆ ದುಡ್ಡು ಸಾಮಾನ್ಯವಾಗಿ ಬರುವುದಿಲ್ಲ. ನಿಂತರೆ ಸ್ಟಾರ್ಟ್ ಮಾಡಬೇಡಿ. ಮಕ್ಕಳನ್ನು ಇಳಿಸಿ, ಗಾಡಿ ತಳ್ಳಿಸಿ, ಮೆಕ್ಯಾನಿಕ್‌ಗೆ ಫೋನ್ ಮಾಡಿ. ಅರ್ಧ ಚಕ್ರ ಮುಳುಗುವಷ್ಟು ನೀರು ಕಂಡರೆ ನಾನು ಇಳಿಯುವುದೇ ಇಲ್ಲ. ಸುತ್ತು ಹಾಕಿ ಹೋಗುತ್ತೇನೆ, ಹತ್ತು ನಿಮಿಷ ತಡವಾಗುತ್ತದೆ, ಡೈರಿಯಲ್ಲಿ ಟೀಚರ್ ಬರೆದು ಕಳಿಸುತ್ತಾರೆ, ನಾನು ಸಹಿ ಹಾಕುತ್ತೇನೆ.